ಗಂಡು ಶಿಶುಗಳ ಸುನ್ನತಿ: ವಾದ ಮತ್ತು ವಿವಾದ

ಶಿಶ್ನದ ತುದಿಯನ್ನು ಮುಚ್ಚಿಕೊಂಡಿರುವ ಮುಂದೊಗಲನ್ನು ಕತ್ತರಿಸಿ ತೆಗೆಯುವುದಕ್ಕೆ ಸುನ್ನತಿ ಎಂದು ಹೆಸರು. ಕನ್ನಡ ಬೈಬಲ್ಲಿನಲ್ಲಿಯೂ ಇದೇ ಮಾತಿದೆ. ಉರ್ದು ಆಡುವ ಮನೆಗಳಲ್ಲಿ ಇದನ್ನು ಖತ್ನಾ ಎನ್ನುತ್ತಾರೆ. ಕನ್ನಡ ನಾಡಿನ ಅನೇಕ ಊರುಗಳಲ್ಲಿ ಇದು ಮುಂಜಿ. ಬ್ರಾಹ್ಮಣರ ಮನೆಯ ಉಪನಯನಕ್ಕೂ ಮುಸಲ್ಮಾನರ ಮನೆಯ ಸುನ್ನತಿಗೂ ಜನ ಒಂದೇ ಹೆಸರಿಟ್ಟಿದ್ದಾರೆ. ಹುಡುಗನನ್ನು ತನ್ನ ಸಮುದಾಯಕ್ಕೆ ಸೇರಿಸುವ ಸಂಸ್ಕಾರಗಳು ಇವೆರಡೂ ಎಂಬುದನ್ನು ಆಡುಮಾತು ಎಂದೋ ಕಂಡುಕೊಂಡಿದೆ. ಆದರೆ ಜನಿವಾರವನ್ನು ದೊಡ್ಡವನಾದ ಮೇಲೆ ಬೇಡವೆನಿಸಿದರೆ ತೆಗೆದಿಡಬಹುದು. ತೆಗೆದ ಚರ್ಮವನ್ನು ಮತ್ತೆ ಪಡೆಯುವಂತಿಲ್ಲ. ವಿವಾದದ ಬೇರು ಇರುವುದು ಇಲ್ಲಿಯೇ.

ಪ್ರಪಂಚದಲ್ಲಿ 15 ವರ್ಷ ದಾಟಿದ ಗಂಡಸರ ಪೈಕಿ ನೂರಕ್ಕೆ ಸುಮಾರು 30 ಮಂದಿಗೆ ಸುನ್ನತಿಯಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಅಂದಾಜು ಮಾಡಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಮುಸಲ್ಮಾನರು. ಯೆಹೂದ್ಯರ ಪಾಲು ನೂರಕ್ಕೆ ಒಂದರಷ್ಟೂ ಇಲ್ಲ. ಧರ್ಮದ ಕಾರಣವಿಲ್ಲದೆ ಆಸ್ಪತ್ರೆಯ ವಾಡಿಕೆಯಾಗಿ ಸುನ್ನತಿ ಮಾಡಿಸಿಕೊಂಡ ಅಮೆರಿಕನ್ನರು ನೂರಕ್ಕೆ 13ರಷ್ಟು. ವಯಸ್ಸಿಗೆ ಬಂದ ಗಂಡಸು ತಾನಾಗಿ ಮಾಡಿಸಿಕೊಂಡರೆ ಯಾರ ಆಕ್ಷೇಪವೂ ಇಲ್ಲ. ಕಾಯಿಲೆಯಿರುವ ಹುಡುಗನಿಗೆ ವೈದ್ಯರು ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆಯೂ ತಕರಾರಿಲ್ಲ. ಆರೋಗ್ಯವಾಗಿರುವ, ಮಾತು ಬಾರದ ಕೂಸಿನ ಮೈಮೇಲೆ ಬೇರೆಯವರು ತೆಗೆದುಕೊಳ್ಳುವ ತೀರ್ಮಾನವೇ ಚರ್ಚೆಯ ವಸ್ತು.

ಹುಟ್ಟಿದ ಮಗುವಿನ ಮುಂದೊಗಲು ಹಿಂದಕ್ಕೆ ಸರಿಯುವುದಿಲ್ಲ. ಅದರ ಒಳಮೈ ಶಿಶ್ನದ ತುದಿಗೆ ಅಂಟಿಕೊಂಡಿರುತ್ತದೆ, ಮಗು ಬೆಳೆದಂತೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಲವರಲ್ಲಿ ಎರಡು ಮೂರು ವರ್ಷಕ್ಕೇ ಸಡಿಲವಾಗುತ್ತದೆ, ಕೆಲವರಲ್ಲಿ ಹದಿಹರೆಯದವರೆಗೂ ಕಾಯಬೇಕು. ಎಳೆಗೂಸಿಗೆ ಸುನ್ನತಿ ಮಾಡುವವರು ಕತ್ತರಿಸುವ ಮೊದಲು ಈ ಅಂಟನ್ನು ಬಿಡಿಸಲೇಬೇಕು, ನೋವಿನ ದೊಡ್ಡ ಪಾಲು ಈ ಬಿಡಿಸುವುದರಲ್ಲಿದೆ. ಈ ಅಂಟು ಸಹಜವೆಂದು ಗೊತ್ತಿಲ್ಲದ ಕಾರಣಕ್ಕೆ ಎಷ್ಟೋ ಮಕ್ಕಳು ಇಲ್ಲದ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದಾರೆ.

ಹಳೆಯ ಆಚರಣೆ

ಈಜಿಪ್ಟಿನ ಸಕ್ಕಾರಾದಲ್ಲಿ ಅಂಖ್‌ಮಹೋರ್ ಎಂಬ ಅಧಿಕಾರಿಯ ಸಮಾಧಿಯಿದೆ. ಕ್ರಿಸ್ತಪೂರ್ವ ಸುಮಾರು 2300ರ ಈ ಸಮಾಧಿಯ ಗೋಡೆಯ ಉಬ್ಬುಚಿತ್ರದಲ್ಲಿ ನಿಂತ ಯುವಕನ ಕೈಗಳನ್ನು ಒಬ್ಬ ಹಿಂದಿನಿಂದ ಹಿಡಿದುಕೊಂಡಿದ್ದಾನೆ, ಇನ್ನೊಬ್ಬ ಮುಂದೆ ಕುಳಿತು ಸುನ್ನತಿ ಮಾಡುತ್ತಿದ್ದಾನೆ. ಸುನ್ನತಿಯ ಅತಿ ಹಳೆಯ ಚಿತ್ರವೆಂದು ವಿದ್ವಾಂಸರು ತೋರಿಸುವುದು ಇದನ್ನೇ. ಚಿತ್ರದಲ್ಲಿರುವವರು ಪ್ರಾಯಕ್ಕೆ ಬಂದವರು. ಆಫ್ರಿಕದ ಹಲವು ಬುಡಕಟ್ಟುಗಳಲ್ಲಿ ಇಂದಿಗೂ ಹಾಗೆಯೇ. ದಕ್ಷಿಣ ಆಫ್ರಿಕದ ಖೋಸಾ ಜನರ ‘ಉಲ್ವಲುಕೊ’ ಹುಡುಗನನ್ನು ಗಂಡಸಾಗಿಸುವ ದೀಕ್ಷೆ.

ಎಳೆಗೂಸಿಗೇ ಸುನ್ನತಿ ಮಾಡುವ ಕಟ್ಟಳೆ ಯೆಹೂದ್ಯರದು. ಆದಿಕಾಂಡದ 17ನೆಯ ಅಧ್ಯಾಯದ ಪ್ರಕಾರ ದೇವರು ಅಬ್ರಹಾಮನೊಡನೆ ಮಾಡಿಕೊಂಡ ಒಡಂಬಡಿಕೆಯ ಗುರುತು ಇದು. ಗಂಡು ಮಗುವಿಗೆ ಎಂಟನೆಯ ದಿನ ಆಗಬೇಕು. ಅಬ್ರಹಾಮನಿಗೆ ಸುನ್ನತಿಯಾದಾಗ 99 ವರ್ಷ, ಮಗ ಇಷ್ಮಾಯೇಲನಿಗೆ 13. ‘ಬ್ರಿತ್ ಮಿಲಾ’ ಎಂಬ ಈ ಸಂಸ್ಕಾರ ನಡೆಸುವವನು ಮೊಹೆಲ್. ಎಂಟನೆಯ ದಿನ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಾಗಿದ್ದರೂ ಸಂಸ್ಕಾರ ನಿಲ್ಲುವುದಿಲ್ಲ, ಮಗುವಿಗೆ ಕಾಯಿಲೆಯಿದ್ದರೆ ಮಾತ್ರ ನಿಲ್ಲುತ್ತದೆ. ಒಬ್ಬ ತಾಯಿಯ ಇಬ್ಬರು ಮಕ್ಕಳು ಸುನ್ನತಿಯಿಂದ ಸತ್ತಿದ್ದರೆ ಮೂರನೆಯವನಿಗೆ ಮಾಡಕೂಡದು ಎಂಬ ಮಾತು ಯೆಹೂದ್ಯರ ಶಾಸ್ತ್ರಗ್ರಂಥವಾದ ತಾಲ್ಮುದಿನಲ್ಲಿದೆ. ರಕ್ತ ಹೆಪ್ಪುಗಟ್ಟದ ಹಿಮೋಫೀಲಿಯಾ ರೋಗ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆಂದು ವೈದ್ಯಶಾಸ್ತ್ರ ತಿಳಿಯುವುದಕ್ಕೆ ನೂರಾರು ವರ್ಷ ಮೊದಲೇ, ಸತ್ತ ಮಕ್ಕಳನ್ನು ನೋಡಿ ಕಲಿತ ಪಾಠ ಅದು. ಆಚರಣೆಯನ್ನು ಬಿಡದೆ ಮಗುವನ್ನೂ ಕಾಪಾಡಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಯೆಹೂದ್ಯರ ನೆನಪಿನಲ್ಲಿ ‘ನಿಷೇಧ’ ಎಂಬ ಪದಕ್ಕೆ ಬೇರೆಯದೇ ಅರ್ಥವಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಯೆಹೂದ್ಯರ ನಾಡನ್ನು ಆಳುತ್ತಿದ್ದ ನಾಲ್ಕನೆಯ ಆಂಟಿಯೋಕಸ್ ದೊರೆ ಸುನ್ನತಿಯನ್ನು ನಿಷೇಧಿಸಿದಾಗ, ಮಕ್ಕಳಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನು ಕೊಂದರೆಂದು ಮಕ್ಕಬಿಯರ ಗ್ರಂಥ ಹೇಳುತ್ತದೆ. ನಾಜಿಗಳ ಕಾಲದಲ್ಲಿ ಅಡಗಿ ಬದುಕುತ್ತಿದ್ದ ಹುಡುಗರ ಗುರುತು ಹತ್ತಿದ್ದೂ ಇದರಿಂದಲೇ. ಯುರೋಪಿನ ಯಾವುದೇ ಸಂಸತ್ತಿನಲ್ಲಿ ಸುನ್ನತಿ ನಿಷೇಧದ ಮಾತೆದ್ದರೆ ಯೆಹೂದ್ಯ ಅಜ್ಜಿಯೊಬ್ಬಳಿಗೆ ಮಕ್ಕಳ ಹಕ್ಕಿನ ನೆನಪಿಗಿಂತ ಮೊದಲು ಬರುವುದು ಆ ಕಾಲದ ನೆನಪು. ಇದನ್ನು ತಿಳಿಯದೆ ವಾದಕ್ಕಿಳಿದವರು ಅರ್ಧ ವಿಷಯವನ್ನಷ್ಟೇ ತಿಳಿದಿರುತ್ತಾರೆ.

ಹಾಗೆಂದು ಯೆಹೂದ್ಯರೆಲ್ಲ ಒಂದೇ ಮಾತಿನವರಲ್ಲ. 1840ರ ದಶಕದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಸುಧಾರಕರು ಸುನ್ನತಿಯಿಲ್ಲದೆಯೂ ಯೆಹೂದ್ಯನಾಗಿರಬಹುದೆಂದು ವಾದಿಸಿ ದೊಡ್ಡ ಗದ್ದಲವನ್ನೇ ಎಬ್ಬಿಸಿದರು. ಯೆಹೂದ್ಯರಿಗೆ ತಮ್ಮದೇ ನಾಡು ಬೇಕೆಂಬ ಜಯನಿಸ್ಟ್ ಚಳವಳಿಯ ಪ್ರವರ್ತಕ ಥಿಯೊಡೋರ್ ಹರ್ಜಲ್ 1891ರಲ್ಲಿ ಹುಟ್ಟಿದ ತನ್ನ ಮಗನಿಗೆ ಸುನ್ನತಿ ಮಾಡಿಸಲಿಲ್ಲ. ಇಂದು ಕೆಲವು ಕುಟುಂಬಗಳು ಕತ್ತರಿಯಿಲ್ಲದ ‘ಬ್ರಿತ್ ಶಾಲೋಮ್’ ಎಂಬ ನಾಮಕರಣವನ್ನು ಮಾಡಿಕೊಳ್ಳುತ್ತವೆ. ಇಂಥವರ ಸಂಖ್ಯೆ ಚಿಕ್ಕದು. ಇನ್ನೊಂದು ತುದಿಯಲ್ಲಿ, ಗಾಯದ ರಕ್ತವನ್ನು ಮೊಹೆಲ್ ಬಾಯಿಂದಲೇ ಹೀರುವ ಹಳೆಯ ಪದ್ಧತಿಯನ್ನು ಅತಿ ಸಂಪ್ರದಾಯಸ್ಥರು ಉಳಿಸಿಕೊಂಡಿದ್ದಾರೆ; ಅದರಿಂದ ಹರ್ಪಿಸ್ ಸೋಂಕು ತಗುಲಿ ನ್ಯೂಯಾರ್ಕಿನಲ್ಲಿ ಶಿಶುಗಳು ಸತ್ತದ್ದುಂಟು. 2012ರಲ್ಲಿ ಆ ನಗರದ ಆರೋಗ್ಯ ಮಂಡಳಿ ಇದಕ್ಕೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕೆಂದು ನಿಯಮ ಮಾಡಿತು. ಧಾರ್ಮಿಕ ಮುಖಂಡರ ವಿರೋಧ ತಡೆಯಲಾರದೆ 2015ರಲ್ಲಿ ಅದನ್ನು ಕೈಬಿಟ್ಟಿತು. ಮಗುವಿನ ಜೀವಕ್ಕೇ ಕುತ್ತಾಗಬಲ್ಲ ಪದ್ಧತಿಯ ಮುಂದೆ ಹೀಗೆ ಹಿಂದೆ ಸರಿದದ್ದನ್ನು ಸಮರ್ಥಿಸುವುದು ಕಷ್ಟ.

ಇಸ್ಲಾಮಿನಲ್ಲಿ ಸುನ್ನತಿಯ ಪ್ರಸ್ತಾಪ ಕುರಾನಿನಲ್ಲಿಲ್ಲ, ಪ್ರವಾದಿಯವರ ನಡೆನುಡಿಗಳನ್ನು ಹೇಳುವ ಹದೀಸುಗಳಲ್ಲಿದೆ. ಉಗುರು ಕತ್ತರಿಸುವುದು, ಮೀಸೆ ಕಿರಿದು ಮಾಡುವುದು ಮುಂತಾದ ಶುಚಿಯ ನಡವಳಿಕೆಗಳ ಸಾಲಿನಲ್ಲಿ ಅದು ಬರುತ್ತದೆ. ಶಾಫಿ ಪಂಥದ ಪ್ರಕಾರ ಅದು ಕಡ್ಡಾಯ. ಹನಫಿ ಮತ್ತು ಮಾಲಿಕಿ ಪಂಥಗಳಲ್ಲಿ ಪ್ರವಾದಿಯವರ ಮಾದರಿ, ಅಂದರೆ ಸುನ್ನತ್. ಕರ್ನಾಟಕದಲ್ಲಿ ಶಾಫಿ, ಹನಫಿ ಎರಡೂ ಪಂಥಗಳಿವೆ. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಗಳು, ಒಳನಾಡಿನ ಬಹುಪಾಲು ಮುಸಲ್ಮಾನರು ಹನಫಿಗಳು. ಶಾಸ್ತ್ರದಲ್ಲಿ ಭೇದವಿದ್ದರೂ ನಡೆಯಲ್ಲಿ ಇಲ್ಲ, ಎಲ್ಲರೂ ಮಾಡಿಸುತ್ತಾರೆ. ವಯಸ್ಸಿಗೆ ಮಾತ್ರ ಒಂದು ನಿಯಮವಿಲ್ಲ. ಏಳನೆಯ ದಿನವೂ ಆದೀತು, ಏಳನೆಯ ವರ್ಷವೂ ಆದೀತು. ತುರ್ಕಿಯಲ್ಲಿ ಶಾಲೆಗೆ ಹೋಗುವ ಹುಡುಗನಿಗೆ ರಾಜಕುಮಾರನ ವೇಷ ಹಾಕಿ ಮೆರೆಸಿ ಹಬ್ಬ ಮಾಡುತ್ತಾರೆ. ನಮ್ಮ ಕಡೆಯೂ ಹೊಸ ಬಟ್ಟೆ, ಹೂಹಾರ, ಬಂಧುಗಳ ಊಟ ಎಲ್ಲ ಇತ್ತು. ಕೆಲಸ ಮಾಡುತ್ತಿದ್ದವನು ಹಜಾಮ. ಈಗ ಹೆಚ್ಚು ಹೆಚ್ಚು ಮನೆಗಳವರು ಮಗುವನ್ನು ಆಸ್ಪತ್ರೆಗೇ ಕರೆದೊಯ್ಯುತ್ತಾರೆ.

ಕ್ರೈಸ್ತರಲ್ಲಿ ಈ ಜಗಳ ಮೊದಲ ತಲೆಮಾರಿನಲ್ಲೇ ಬಗೆಹರಿಯಿತು. ಕ್ರಿ.ಶ. ಸುಮಾರು 50ರಲ್ಲಿ ಜೆರುಸಲೇಮಿನಲ್ಲಿ ಸೇರಿದ ಅಪೊಸ್ತಲರ ಸಭೆ, ಯೆಹೂದ್ಯರಲ್ಲದ ಹೊಸ ವಿಶ್ವಾಸಿಗಳಿಗೆ ಸುನ್ನತಿ ಬೇಕಿಲ್ಲವೆಂದಿತು. ಆದರೂ ಈಜಿಪ್ಟಿನ ಕಾಪ್ಟರು, ಇಥಿಯೋಪಿಯದ ಕ್ರೈಸ್ತರು ಇಂದಿಗೂ ಮಾಡಿಸುತ್ತಾರೆ.

ಆಸ್ಪತ್ರೆಗೆ ಬಂದ ಬಗೆ

ಧರ್ಮದ ಆಜ್ಞೆಯೇ ಇಲ್ಲದ ಕೋಟ್ಯಂತರ ಅಮೆರಿಕನ್ ಮನೆಗಳಲ್ಲಿ ಇದು ಹೇಗೆ ವಾಡಿಕೆಯಾಯಿತು ಎಂಬುದೇ ಈ ಚರಿತ್ರೆಯ ಅತ್ಯಂತ ವಿಚಿತ್ರ ಭಾಗ. 1870ರಲ್ಲಿ ನ್ಯೂಯಾರ್ಕಿನ ಮೂಳೆ ವೈದ್ಯ ಲೂಯಿಸ್ ಸೇಯರ್, ಕಾಲಿನ ಶಕ್ತಿ ಕಳೆದುಕೊಂಡಿದ್ದ ಐದು ವರ್ಷದ ಹುಡುಗನಿಗೆ ಸುನ್ನತಿ ಮಾಡಿ, ಅವನು ನಡೆಯುವಂತಾದನೆಂದು ಪ್ರಕಟಿಸಿದ. ಮುಂದೊಗಲಿನ ಕಿರಿಕಿರಿ ನರಗಳ ಮೂಲಕ ಮೈಗೆಲ್ಲ ಹರಡುತ್ತದೆ ಎಂಬುದು ಆಗಿನ ನಂಬಿಕೆ. ಮೂರ್ಛೆರೋಗ, ಹರ್ನಿಯಾ, ಬುದ್ಧಿಮಾಂದ್ಯ ಎಲ್ಲಕ್ಕೂ ಅದೇ ಮದ್ದು ಎಂಬಷ್ಟರ ಮಟ್ಟಿಗೆ ಇದು ಬೆಳೆಯಿತು. ಕಾರ್ನ್‌ಫ್ಲೇಕ್ಸಿನಿಂದ ಹೆಸರಾದ ಜಾನ್ ಹಾರ್ವೆ ಕೆಲಾಗ್ ಹುಡುಗರ ಹಸ್ತಮೈಥುನವನ್ನು ಬಿಡಿಸಲು ಸುನ್ನತಿ ಮಾಡಿಸಿ ಎಂದು ಬರೆದ. ಅರಿವಳಿಕೆ ಕೊಡಬೇಡಿ, ನೋವೇ ಶಿಕ್ಷೆಯಂತೆ ಮನಸ್ಸಿಗೆ ನಾಟಲಿ ಎಂದೂ ಸೇರಿಸಿದ. ಸುನ್ನತಿ ಕಾಮವನ್ನು ತಗ್ಗಿಸುತ್ತದೆಂದು ಹನ್ನೆರಡನೆಯ ಶತಮಾನದಲ್ಲಿ ಯೆಹೂದ್ಯ ತತ್ತ್ವಜ್ಞಾನಿ ಮೈಮೊನಿಡೀಸ್ ಕೂಡ ಬರೆದಿದ್ದ. ಅಂದಿನ ಸಮರ್ಥಕರು ಗುಣವೆಂದು ಹೇಳುತ್ತಿದ್ದುದನ್ನು ಇಂದಿನ ಸಮರ್ಥಕರು ಹಾಗಾಗುವುದೇ ಇಲ್ಲವೆಂದು ವಾದಿಸಬೇಕಾಗಿ ಬಂದಿದೆ.

ಮನೆಯ ಹೆರಿಗೆಗಳು ಆಸ್ಪತ್ರೆಗೆ ಹೋದಂತೆ ಅಮೆರಿಕದಲ್ಲಿ ಸುನ್ನತಿಯೂ ಹೆರಿಗೆಯ ಭಾಗವಾಯಿತು. ಗೋಮ್ಕೊ, ಮೋಗೆನ್, ಪ್ಲಾಸ್ಟಿಬೆಲ್ ಎಂಬ ಸಾಧನಗಳು ಬಂದು ಕೆಲಸ ಕೆಲವೇ ನಿಮಿಷಗಳದಾಯಿತು. ಕೂಸಿಗೆ ನೋವು ತಿಳಿಯದು ಎಂಬ ನಂಬಿಕೆಯಿಂದ ಅರಿವಳಿಕೆಯೂ ಇರಲಿಲ್ಲ. ಸುನ್ನತಿಯಾದ ತಂದೆಗೆ ಮಗನೂ ತನ್ನಂತೆಯೇ ಕಾಣಬೇಕೆನಿಸಿತು, ಕಾರಣ ಮರೆತುಹೋಯಿತು, ವಾಡಿಕೆ ಉಳಿಯಿತು. ಆ ದೇಶದ ಸರ್ಕಾರಿ ಲೆಕ್ಕದಂತೆ ಆಸ್ಪತ್ರೆಯಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಅಲ್ಲಿಯೇ ಸುನ್ನತಿಯಾದವರು 1979ರಲ್ಲಿ ನೂರಕ್ಕೆ 64.5, 2010ರಲ್ಲಿ 58.3. ಎರಡನೆಯ ಮಹಾಯುದ್ಧದ ನಂತರ ಅಮೆರಿಕನ್ ಸೈನ್ಯದ ಜೊತೆ ದಕ್ಷಿಣ ಕೊರಿಯಕ್ಕೂ ಹೋದ ಈ ಪದ್ಧತಿ ಅಲ್ಲಿ ಶಾಲೆಯ ಹುಡುಗರಲ್ಲಿ ಸಾಮಾನ್ಯವಾಗಿ, ಈಚಿನ ದಶಕಗಳಲ್ಲಿ ಇಳಿದಿದೆ.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿಯೂ ಉಳ್ಳವರ ಮನೆಗಳಲ್ಲಿ ಸುನ್ನತಿ ಹರಡಿತ್ತು. 1949ರಲ್ಲಿ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್‌ನರ್ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಒಂದು ಲೇಖನ ಬರೆದರು. ಎಳೆಗೂಸಿನ ಮುಂದೊಗಲು ಸರಿಯದಿರುವುದು ರೋಗವಲ್ಲ, ಮೂರು ವರ್ಷದ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ತಾನಾಗಿ ಸಡಿಲವಾಗುತ್ತದೆ ಎಂದು ತೋರಿಸಿದರು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಈ ಅನಗತ್ಯ ಕೆಲಸದಿಂದ ವರ್ಷಕ್ಕೆ ಸುಮಾರು 16 ಮಕ್ಕಳು ಸಾಯುತ್ತಿದ್ದಾರೆಂದು ಲೆಕ್ಕವನ್ನೂ ಇಟ್ಟರು. ಆಗತಾನೇ ಶುರುವಾಗಿದ್ದ ರಾಷ್ಟ್ರೀಯ ಆರೋಗ್ಯ ಸೇವೆ ಇದಕ್ಕೆ ಹಣ ಕೊಡಲಿಲ್ಲ. ಒಂದು ತಲೆಮಾರಿನಲ್ಲಿ ವಾಡಿಕೆ ಕರಗಿತು. ಯಾವ ಕಾನೂನೂ ಇಲ್ಲದೆ, ಯಾರ ಮನಸ್ಸನ್ನೂ ನೋಯಿಸದೆ ಆದ ಬದಲಾವಣೆ ಇದು. 1968ರಲ್ಲಿ ಡೆನ್ಮಾರ್ಕಿನ ವೈದ್ಯ ಯಾಕೋಬ್ ಓಸ್ಟರ್ ಶಾಲಾ ಹುಡುಗರನ್ನು ವರ್ಷಾನುವರ್ಷ ಪರೀಕ್ಷಿಸಿ, ಗೇರ್ಡ್‌ನರ್ ಹೇಳಿದ್ದಕ್ಕಿಂತಲೂ ನಿಧಾನವಾಗಿ ಸಡಿಲವಾಗುವ ಹುಡುಗರಿದ್ದಾರೆ, 17ರ ಹೊತ್ತಿಗೆ ಬಹುತೇಕ ಎಲ್ಲರೂ ಸರಿಹೋಗುತ್ತಾರೆ ಎಂದು ಕಂಡುಕೊಂಡರು.

ಲಾಭ ಮತ್ತು ನಷ್ಟ

ಸುನ್ನತಿಯಿಂದ ಲಾಭವೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಹುಟ್ಟಿದ ಮೊದಲ ವರ್ಷದಲ್ಲಿ ಮೂತ್ರನಾಳದ ಸೋಂಕು ಸುನ್ನತಿಯಾದ ಮಕ್ಕಳಲ್ಲಿ ಕಡಿಮೆ. ಆದರೆ ಸಾಮಾನ್ಯ ಗಂಡುಮಕ್ಕಳಲ್ಲಿ ಈ ಸೋಂಕು ಬರುವುದೇ ನೂರಕ್ಕೆ ಒಂದರಷ್ಟು. ಒಂದು ಸೋಂಕನ್ನು ತಪ್ಪಿಸಲು 111 ಮಕ್ಕಳಿಗೆ ಸುನ್ನತಿ ಮಾಡಬೇಕೆಂದು 2005ರ ಅಧ್ಯಯನವೊಂದು ಲೆಕ್ಕ ಹಾಕಿತು. ಸೋಂಕು ಬಂದರೂ ಆ್ಯಂಟಿಬಯಾಟಿಕ್ಕಿನಿಂದ ವಾಸಿಯಾಗುತ್ತದೆ. ಹುಟ್ಟಿನಿಂದಲೇ ಮೂತ್ರನಾಳದ ದೋಷವಿದ್ದು ಮತ್ತೆ ಮತ್ತೆ ಸೋಂಕಾಗುವ ಮಗುವಿನಲ್ಲಿ ಈ ಲೆಕ್ಕ ಬೇರೆಯಾಗುತ್ತದೆ, ಅಲ್ಲಿ ವೈದ್ಯರು ಸುನ್ನತಿಯನ್ನು ಸೂಚಿಸುವುದು ಸರಿಯೇ. ಶಿಶ್ನದ ಕ್ಯಾನ್ಸರ್ ಎಳವೆಯಲ್ಲಿ ಸುನ್ನತಿಯಾದವರಿಗೆ ತೀರ ಅಪರೂಪ. ಆದರೆ ಶ್ರೀಮಂತ ದೇಶಗಳಲ್ಲಿ ಆ ಕ್ಯಾನ್ಸರ್ ಬರುವುದೇ ವರ್ಷಕ್ಕೆ ಲಕ್ಷದಲ್ಲಿ ಸುಮಾರು ಒಬ್ಬರಿಗೆ. ಅದೂ ಮುದಿ ವಯಸ್ಸಿನಲ್ಲಿ. ಅದರ ಒಂದು ಮುಖ್ಯ ಕಾರಣವಾದ ಎಚ್‌ಪಿವಿ ವೈರಸ್ಸಿಗೆ ಈಗ ಲಸಿಕೆಯೂ ಇದೆ.

ತೊಂದರೆಗಳ ವಿಷಯದಲ್ಲಿ ಕೈಯ ಪಳಗಿಕೆಯೇ ಎಲ್ಲ. 2010ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಶಿಶುಗಳಲ್ಲಿ ನೂರಕ್ಕೆ ಸುಮಾರು 1.5, ದೊಡ್ಡ ಹುಡುಗರಲ್ಲಿ ಸುಮಾರು 6 ಮಂದಿಗೆ ಏನಾದರೊಂದು ತೊಂದರೆಯಾಗಿತ್ತು. ಹೆಚ್ಚಿನವು ಸಣ್ಣಪುಟ್ಟ ರಕ್ತಸ್ರಾವ, ಸೋಂಕು, ಬಾವು. ಮಾಡುವುದೇ ಆದರೆ ಎಳವೆಯಲ್ಲೇ ಮಾಡಿ ಎಂದು ಸಮರ್ಥಕರು ಹೇಳುವುದು ಈ ಅಂಕಿಗಳನ್ನು ನೋಡಿಯೇ. ಆದರೆ ಈ ಅಂಕಿಗಳೆಲ್ಲ ಬಹುಮಟ್ಟಿಗೆ ಆಸ್ಪತ್ರೆಗಳವು. ಮನೆಯ ಹಜಾರದಲ್ಲಿ ನಡೆದದ್ದನ್ನು ಯಾರೂ ಬರೆದಿಡುವುದಿಲ್ಲ. ಮೂತ್ರದ್ವಾರ ತುದಿಯಲ್ಲಿರದೆ ಕೆಳಗೆ ತೆರೆದಿರುವ ಹೈಪೊಸ್ಪೇಡಿಯಾಸ್ ಎಂಬ ಹುಟ್ಟುದೋಷವಿದ್ದರೆ ಸುನ್ನತಿ ಮಾಡಲೇಬಾರದು, ಏಕೆಂದರೆ ಆ ದೋಷವನ್ನು ಸರಿಪಡಿಸಲು ಶಸ್ತ್ರವೈದ್ಯರಿಗೆ ಬೇಕಾಗುವುದು ಅದೇ ಮುಂದೊಗಲು. ಇದನ್ನು ಪರೀಕ್ಷಿಸಿ ನೋಡದ ಕೈ ಒಂದೇ ಕ್ಷಣದಲ್ಲಿ ಮಗುವಿನ ಮುಂದಿನ ದಾರಿಯನ್ನು ಮುಚ್ಚಿಬಿಡಬಲ್ಲದು.

ಕೆನಡದ ಡೇವಿಡ್ ರೈಮರ್ ಬದುಕು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 1966ರಲ್ಲಿ ಎಂಟು ತಿಂಗಳ ಕೂಸಾಗಿದ್ದಾಗ, ಮುಂದೊಗಲಿನ ತೊಂದರೆಯಿದೆಯೆಂದು, ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವ ಸಾಧನ ಬಳಸಿ ಮಾಡಿದ ಸುನ್ನತಿಯಲ್ಲಿ ಅವನ ಶಿಶ್ನವೇ ಹೋಯಿತು. ಜಾನ್ ಮನಿ ಎಂಬ ಮನಶ್ಶಾಸ್ತ್ರಜ್ಞನ ಸಲಹೆಯಂತೆ ಅವನನ್ನು ಹೆಣ್ಣುಮಗುವಾಗಿ ಬೆಳೆಸಿದರು. 14ರ ವಯಸ್ಸಿನಲ್ಲಿ ನಿಜ ತಿಳಿದ ಹುಡುಗ ಗಂಡಾಗಿಯೇ ಬದುಕಲು ತೀರ್ಮಾನಿಸಿದ. 2004ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಇಂಥ ದುರಂತ ಲಕ್ಷಾಂತರಕ್ಕೆ ಒಂದು, ನಿಜ. ಆದರೆ ಅವನ ಜೊತೆಗೇ ಹುಟ್ಟಿದ ಅವಳಿ ತಮ್ಮನಿಗೂ ಮುಂದೊಗಲಿನ ಅದೇ ತೊಂದರೆಯಿತ್ತು. ಭಯದಿಂದ ಅವನಿಗೆ ಶಸ್ತ್ರಚಿಕಿತ್ಸೆ ಮಾಡಿಸಲಿಲ್ಲ, ಅವನು ತಾನಾಗಿ ಸರಿಹೋದ.

ನೋವಿನ ವಿಷಯಕ್ಕೆ ಬಂದರೆ ಇಂದು ಎರಡು ಮಾತಿಲ್ಲ. 1997ರಲ್ಲಿ ಕೆನಡದ ಸಂಶೋಧಕರು ಬೇರೆ ಬೇರೆ ಅರಿವಳಿಕೆಗಳನ್ನು ಹೋಲಿಸುವ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು, ಅರಿವಳಿಕೆಯಿಲ್ಲದ ಗುಂಪಿನ ಮಕ್ಕಳ ಸಂಕಟ ನೋಡಲಾಗದೆ. ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಸುನ್ನತಿಯಾದ ಗಂಡುಮಕ್ಕಳು ನಾಲ್ಕಾರು ತಿಂಗಳ ನಂತರ ಲಸಿಕೆ ಚುಚ್ಚಿಸಿಕೊಳ್ಳುವಾಗ ಆಗದವರಿಗಿಂತ ಹೆಚ್ಚು ಅಳುತ್ತಿದ್ದರು. ಮಗು ಮರೆಯುತ್ತದೆ ಎಂಬ ಸಮಾಧಾನಕ್ಕೆ ಆಧಾರ ಉಳಿದಿಲ್ಲ. ಲೈಂಗಿಕ ಸಂವೇದನೆ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಒಮ್ಮತವಿಲ್ಲ. ಮುಂದೊಗಲಿನಲ್ಲಿ ನರಗಳು ಸಮೃದ್ಧವಾಗಿವೆಯೆಂದು ಕೆನಡದ ರೋಗಶಾಸ್ತ್ರಜ್ಞ ಜಾನ್ ಟೇಲರ್ 1996ರಲ್ಲಿ ತೋರಿಸಿದರು. ಪ್ರಾಯದಲ್ಲಿ ಸುನ್ನತಿ ಮಾಡಿಸಿಕೊಂಡ ಆಫ್ರಿಕದ ಗಂಡಸರನ್ನು ಕೇಳಿದ ಅಧ್ಯಯನಗಳಲ್ಲಿ ಸುಖ ಕಡಿಮೆಯಾಯಿತೆಂದು ಹೆಚ್ಚಿನವರು ಹೇಳಲಿಲ್ಲ.

ವೈದ್ಯರ ಸಂಘಗಳ ಮಾತಿನ ಏರಿಳಿತವೂ ನೋಡತಕ್ಕದ್ದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1971ರಲ್ಲಿ ನವಜಾತ ಶಿಶುವಿಗೆ ಸುನ್ನತಿ ಮಾಡಲು ವೈದ್ಯಕೀಯ ಕಾರಣವಿಲ್ಲವೆಂದಿತು. 1989ರಲ್ಲಿ ಲಾಭಗಳಿರಬಹುದೆಂದಿತು. 1999ರಲ್ಲಿ ವಾಡಿಕೆಯಾಗಿ ಮಾಡಿಸುವಷ್ಟು ಆಧಾರವಿಲ್ಲವೆಂದಿತು. 2012ರಲ್ಲಿ ಲಾಭ ಅಪಾಯಕ್ಕಿಂತ ಹೆಚ್ಚು, ಆದರೂ ಎಲ್ಲರಿಗೂ ಮಾಡಿಸಿ ಎನ್ನುವಷ್ಟಲ್ಲ, ತೀರ್ಮಾನ ತಂದೆತಾಯಿಯದು ಎಂದಿತು. ಮರುವರ್ಷವೇ ಆ ಅಕಾಡೆಮಿಯ ಪತ್ರಿಕೆಯಲ್ಲಿ ಮುಖ್ಯವಾಗಿ ಯುರೋಪಿನ 38 ವೈದ್ಯರು, ಈ ಹೇಳಿಕೆಯಲ್ಲಿ ವಿಜ್ಞಾನಕ್ಕಿಂತ ಅಮೆರಿಕದ ವಾಡಿಕೆಯ ಪ್ರಭಾವವೇ ಹೆಚ್ಚು ಎಂದು ಬರೆದರು. ನೆದರ್‌ಲೆಂಡ್ಸಿನ ವೈದ್ಯರ ಸಂಘ 2010ರಲ್ಲೇ ಇದು ಮಗುವಿನ ದೇಹದ ಹಕ್ಕಿಗೆ ಧಕ್ಕೆ ಎಂದಿತ್ತು. ಅದೇ ಸಂಘ ಕಾನೂನಿನ ನಿಷೇಧವನ್ನು ಬೇಡವೆಂದಿತು, ನಿಷೇಧಿಸಿದರೆ ಮಕ್ಕಳು ಪಳಗದ ಕೈಗೆ ಬೀಳುತ್ತಾರೆಂಬ ಅಂಜಿಕೆಯಿಂದ. ಈ ನಿಲುವಿನಲ್ಲಿ ಹೆಚ್ಚು ವಿವೇಕ ಕಾಣುತ್ತದೆ.

ಎಚ್‌ಐವಿ ತಂದ ತಿರುವು

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಚರ್ಚೆಯ ದಿಕ್ಕನ್ನೇ ಬದಲಿಸಿದ್ದು ಏಡ್ಸ್. ದಕ್ಷಿಣ ಆಫ್ರಿಕದ ಆರೆಂಜ್ ಫಾರ್ಮ್, ಕೀನ್ಯದ ಕಿಸುಮು, ಉಗಾಂಡದ ರಾಕಾಯ್ ಎಂಬ ಮೂರು ಕಡೆ ಸಾವಿರಾರು ಗಂಡಸರ ಮೇಲೆ ಪ್ರಯೋಗ ನಡೆಯಿತು. 2005 ಮತ್ತು 2007ರಲ್ಲಿ ಬಂದ ಫಲಿತಾಂಶಗಳ ಪ್ರಕಾರ, ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ಹರಡುವುದನ್ನು ಸುನ್ನತಿ ಅರ್ಧದಿಂದ ಶೇಕಡ 60ರವರೆಗೆ ತಗ್ಗಿಸಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ರೋಗ ವ್ಯಾಪಕವಾಗಿರುವ ಆಫ್ರಿಕದ ಪೂರ್ವ ಮತ್ತು ದಕ್ಷಿಣ ದೇಶಗಳಿಗೆ ಇದನ್ನು ಶಿಫಾರಸು ಮಾಡಿತು. 2019ರ ಕೊನೆಯ ಹೊತ್ತಿಗೆ ಎರಡೂವರೆ ಕೋಟಿಗೂ ಹೆಚ್ಚು ಮಂದಿ ಮಾಡಿಸಿಕೊಂಡಿದ್ದರು.

ಆ ಪ್ರಯೋಗಗಳಲ್ಲಿ ಪಾಲ್ಗೊಂಡವರೆಲ್ಲ ಕೇಳಿ, ತಿಳಿದು, ಒಪ್ಪಿ ಬಂದ, ಪ್ರಾಯಕ್ಕೆ ಬಂದವರು. ಅವರಿಂದ ಬಂದ ಫಲಿತಾಂಶವನ್ನು ಅಮೆರಿಕದ ಹೆರಿಗೆ ವಾರ್ಡಿನ ಕೂಸಿಗೆ ಅನ್ವಯಿಸುವುದು ದೊಡ್ಡ ಜಿಗಿತ. ಆ ಕೂಸಿಗೆ ಲೈಂಗಿಕ ಸಂಪರ್ಕದ ಅಪಾಯ ಬರುವುದು ಹದಿನೈದು ಇಪ್ಪತ್ತು ವರ್ಷಗಳ ನಂತರ. ಅಷ್ಟರಲ್ಲಿ ಅವನೇ ಯೋಚಿಸಬಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲಿ ತನ್ನ ಮಾರ್ಗಸೂಚಿಯನ್ನು ತಿದ್ದಿ, 15 ದಾಟಿದವರಿಗೆ ಒತ್ತು ಕೊಡಿ ಎಂದಿತು. ಚಿಕ್ಕ ಹುಡುಗರಲ್ಲಿ ಕಂಡ ಗಂಭೀರ ತೊಂದರೆಗಳು, ಒಪ್ಪಿಗೆ ಕೊಡಲು ಅವರಿಗಿರುವ ಮಿತಿ, ಎರಡನ್ನೂ ಅದು ಕಾರಣವಾಗಿ ಹೇಳಿತು.

ಭಾರತಕ್ಕೂ ಇದರ ಅಲೆ ತಾಕಿತು. ಪುಣೆಯ ಲೈಂಗಿಕ ರೋಗಗಳ ಚಿಕಿತ್ಸಾಲಯಗಳಿಗೆ ಬಂದ ಗಂಡಸರಲ್ಲಿ ಸುನ್ನತಿಯಾದವರಿಗೆ ಎಚ್‌ಐವಿ ಕಡಿಮೆಯೆಂದು 2004ರಲ್ಲಿ ಲ್ಯಾನ್ಸೆಟ್ಟಿನಲ್ಲಿ ವರದಿಯಾಯಿತು. 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮೈಸೂರಿನದು. ಗಂಡುಮಕ್ಕಳಿರುವ ಸುಮಾರು 800 ತಾಯಂದಿರನ್ನು ಮಾತನಾಡಿಸಿ, ಸುನ್ನತಿಯ ಲಾಭ ಮತ್ತು ಅಪಾಯಗಳನ್ನು ವಿವರಿಸಿ ಕೇಳಿದಾಗ, ಸುರಕ್ಷಿತವಾಗಿ ಮತ್ತು ಉಚಿತವಾಗಿ ಮಾಡಿದರೆ ಮಗನಿಗೆ ಮಾಡಿಸುತ್ತೇವೆಂದು ಹತ್ತರಲ್ಲಿ ಎಂಟು ಮಂದಿ ಹೇಳಿದರು. ಅವರಲ್ಲಿ ಹೆಚ್ಚಿನವರು ಹಿಂದೂಗಳು. ವೈದ್ಯರ ಮಾತಿಗೆ ನಮ್ಮ ತಾಯಂದಿರು ಎಷ್ಟು ಬೇಗ ತಲೆಬಾಗುತ್ತಾರೆ ಎಂಬುದಕ್ಕೂ ಇದು ಸಾಕ್ಷಿಯಾಗಬಹುದು. ಭಾರತದ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಸುನ್ನತಿಯನ್ನು ಅಳವಡಿಸಿಕೊಳ್ಳಲಿಲ್ಲ.

ಯಾರ ದೇಹ, ಯಾರ ಹಕ್ಕು

ಅಮೆರಿಕದ ತತ್ತ್ವಜ್ಞಾನಿ ಜೋಯಲ್ ಫೈನ್‌ಬರ್ಗ್ 1980ರಲ್ಲಿ ಒಂದು ವಿಚಾರ ಮುಂದಿಟ್ಟರು. ಕೆಲವು ಹಕ್ಕುಗಳನ್ನು ಮಗು ದೊಡ್ಡವನಾದ ಮೇಲಷ್ಟೇ ಚಲಾಯಿಸಬಲ್ಲ. ಅಲ್ಲಿಯವರೆಗೆ ಹಿರಿಯರು ಅವನ್ನು ಅವನಿಗಾಗಿ ಕಾದಿಡಬೇಕು. ಸುನ್ನತಿಯ ವಿರೋಧಿಗಳು ನಿಲ್ಲುವುದು ಈ ನೆಲೆಯ ಮೇಲೆ. ಕ್ಯಾಲಿಫೋರ್ನಿಯದ ದಾದಿ ಮೆರಿಲಿನ್ ಮೈಲೊಸ್ 1980ರ ದಶಕದಲ್ಲಿ ಇದಕ್ಕಾಗಿ ಸಂಘಟನೆ ಕಟ್ಟಿ, ಒಂಟಿ ದನಿಗಳನ್ನು ಚಳವಳಿಯಾಗಿಸಿದರು. ಸಮರ್ಥಕರು ಇನ್ನೊಂದು ಮಾತನ್ನು ಹೇಳುತ್ತಾರೆ. ಮಗು ಖಾಲಿ ಹಲಗೆಯಾಗಿ ಹುಟ್ಟುವುದಿಲ್ಲ. ಹೆಸರು, ಭಾಷೆ, ದೇವರು ಎಲ್ಲವನ್ನೂ ಮನೆಯವರೇ ಕೊಡುತ್ತಾರೆ. ಸುನ್ನತಿಯಿಲ್ಲದೆ ಬೆಳೆದ ಹುಡುಗ ತನ್ನವರ ನಡುವೆಯೇ ಹೊರಗಿನವನಾಗುತ್ತಾನೆ. ಈ ಮಾತಿಗೂ ತೂಕವಿದೆ. ಹೆಣ್ಣುಮಗುವಿನ ಕಿವಿ ಮೂಗು ಚುಚ್ಚಿಸುವ ನಮಗೆ ಬೇರೆಯವರ ಆಚರಣೆಯಷ್ಟೇ ಕಣ್ಣಿಗೆ ಬೀಳುವುದು ಸಹಜ. ಆದರೂ ಚುಚ್ಚಿದ ತೂತು ಮುಚ್ಚೀತು, ಕತ್ತರಿಸಿದ್ದು ಕೂಡದು ಎಂಬ ವ್ಯತ್ಯಾಸ ಚಿಕ್ಕದಲ್ಲ.

ಹೆಣ್ಣುಮಕ್ಕಳ ಜನನಾಂಗ ಛೇದನದೊಡನೆ ಹೋಲಿಕೆ ಬಂದಾಗ ಚರ್ಚೆ ಕಾವೇರುತ್ತದೆ. ಹೆಣ್ಣುಮಕ್ಕಳ ಮೇಲೆ ನಡೆಯುವುದರಲ್ಲಿ ಭೀಕರವಾದ ಬಗೆಗಳಿವೆ, ಅವುಗಳ ಜೊತೆ ಸುನ್ನತಿಯನ್ನು ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. ಆದರೆ ದಾವೂದಿ ಬೊಹ್ರಾ ಸಮುದಾಯದ ‘ಖಫ್ಜ್’ನಂಥ ಸಣ್ಣ ಛೇದವನ್ನೂ ಬಹಳ ದೇಶಗಳು ಅಪರಾಧವೆನ್ನುತ್ತವೆ. ಗಾಯದ ಗಾತ್ರವಷ್ಟೇ ಮುಖ್ಯವಾಗಿದ್ದರೆ ಕಾನೂನು ಗಂಡು ಹೆಣ್ಣು ಎಂದು ಭೇದ ಮಾಡುವುದೇಕೆ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ನ್ಯಾಯಾಲಯ ಮತ್ತು ಸಂಸತ್ತು

2010ರ ನವೆಂಬರಿನಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ವೈದ್ಯನೊಬ್ಬ ಮುಸಲ್ಮಾನ ತಂದೆತಾಯಿಯ ಕೋರಿಕೆಯಂತೆ ನಾಲ್ಕು ವರ್ಷದ ಹುಡುಗನಿಗೆ ಸುನ್ನತಿ ಮಾಡಿದ. ಎರಡು ದಿನದ ನಂತರ ರಕ್ತಸ್ರಾವವಾಗಿ ತಾಯಿ ಮಗುವನ್ನು ಆಸ್ಪತ್ರೆಗೆ ಒಯ್ದಳು, ಸುದ್ದಿ ಪೊಲೀಸರಿಗೆ ಮುಟ್ಟಿತು. 2012ರ ಮೇ 7ರಂದು ಅಲ್ಲಿನ ಪ್ರಾಂತೀಯ ನ್ಯಾಯಾಲಯ, ಧರ್ಮದ ಕಾರಣಕ್ಕೆ ಮಾಡುವ ಸುನ್ನತಿಯೂ ದೇಹಕ್ಕೆ ಮಾಡಿದ ಗಾಯವೇ, ತಂದೆತಾಯಿಯ ಒಪ್ಪಿಗೆಯಿಂದ ಅದು ಸಕ್ರಮವಾಗದು ಎಂದಿತು. ಕಾನೂನು ಅಷ್ಟು ಸ್ಪಷ್ಟವಿರಲಿಲ್ಲವೆಂದು ವೈದ್ಯನನ್ನು ಬಿಟ್ಟುಬಿಟ್ಟಿತು. ಯೆಹೂದ್ಯರ ನರಮೇಧ ನಡೆದ ನೆಲದಿಂದಲೇ ಇಂಥ ತೀರ್ಪು ಬಂದದ್ದು ಜಗತ್ತನ್ನೇ ಕಲಕಿತು. ಯೆಹೂದ್ಯರೂ ಮುಸಲ್ಮಾನರೂ ಒಂದೇ ವೇದಿಕೆಯಲ್ಲಿ ನಿಂತು ಪ್ರತಿಭಟಿಸಿದರು. ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾನೂನು ಮಾಡಿತು: ವೈದ್ಯಕೀಯ ಕ್ರಮದಂತೆ ಮಾಡುವುದಾದರೆ ತಂದೆತಾಯಿ ಒಪ್ಪಿಗೆ ಕೊಡಬಹುದು, ಮೊದಲ ಆರು ತಿಂಗಳು ಧರ್ಮಸಂಸ್ಥೆ ನೇಮಿಸಿದ ತರಬೇತಿ ಪಡೆದವರೂ ಮಾಡಬಹುದು.

ಐಸ್‌ಲೆಂಡಿನಲ್ಲಿ 2018ರಲ್ಲಿ ಸುನ್ನತಿ ಮಾಡಿದವರಿಗೆ ಆರು ವರ್ಷದವರೆಗೆ ಸೆರೆಮನೆ ವಿಧಿಸುವ ಮಸೂದೆ ಬಂದು ಅಲ್ಲಿಯೇ ನಿಂತಿತು. ಅದೇ ವರ್ಷ ಡೆನ್ಮಾರ್ಕಿನಲ್ಲಿ 18 ವರ್ಷದ ಕೆಳಗಿನವರಿಗೆ ನಿಷೇಧ ಕೋರಿದ ಮನವಿಗೆ 50,000 ಸಹಿ ಬಿದ್ದರೂ ಕಾನೂನಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 2011ರಲ್ಲಿ ಮತದಾನಕ್ಕಿಡಲು ಹೊರಟ ನಿಷೇಧವನ್ನು ನ್ಯಾಯಾಲಯ ತಡೆಯಿತು. ದಕ್ಷಿಣ ಆಫ್ರಿಕದ 2005ರ ಮಕ್ಕಳ ಕಾಯಿದೆ 16ರೊಳಗಿನ ಹುಡುಗರ ಸುನ್ನತಿಯನ್ನು ಧರ್ಮ ಅಥವಾ ಚಿಕಿತ್ಸೆಯ ಕಾರಣವಿಲ್ಲದಿದ್ದರೆ ಒಪ್ಪುವುದಿಲ್ಲ. ಸ್ವೀಡನ್ ನಿಷೇಧಿಸುವ ಗೋಜಿಗೆ ಹೋಗದೆ, 2001ರಲ್ಲಿ ಕ್ರಮವನ್ನು ಗೊತ್ತುಮಾಡಿತು. ಮೊದಲ ಎರಡು ತಿಂಗಳು ಪರವಾನಗಿ ಪಡೆದ ಧಾರ್ಮಿಕ ವ್ಯಕ್ತಿ ಮಾಡಬಹುದು, ಅರಿವಳಿಕೆಯನ್ನು ವೈದ್ಯರು ಅಥವಾ ದಾದಿಯರೇ ಕೊಡಬೇಕು. ಆಮೇಲಾದರೆ ವೈದ್ಯರೇ ಮಾಡಬೇಕು.

ನಮ್ಮ ದೇಶದಲ್ಲಿ

ನಮ್ಮ ಪ್ರಾಚೀನ ವೈದ್ಯರು ಮುಂದೊಗಲು ಬಿಗಿಯಾಗುವ ಕಾಯಿಲೆಯನ್ನು ಬಲ್ಲವರಾಗಿದ್ದರು. ಸುಶ್ರುತ ಸಂಹಿತೆ ಅದನ್ನು ‘ನಿರುದ್ಧಪ್ರಕಶ’ ಎಂದು ಕರೆದು, ತುಪ್ಪ ಸವರಿದ ಎರಡು ಬಾಯಿಯ ನಳಿಗೆಯನ್ನು ಸೇರಿಸಿ, ಮೂರು ಮೂರು ದಿನಕ್ಕೆ ಇನ್ನಷ್ಟು ದಪ್ಪನೆಯದನ್ನಿಟ್ಟು ಬಾಯಿ ಹಿಗ್ಗಿಸುವ ಕ್ರಮ ಹೇಳುತ್ತದೆ. ಮೊದಲು ಹಿಗ್ಗಿಸು, ಆಗದಿದ್ದರೆ ಮಾತ್ರ ಶಸ್ತ್ರ ಎಂಬ ಆ ಕ್ರಮಕ್ಕೆ ಇಂದಿನ ವೈದ್ಯಶಾಸ್ತ್ರವೂ ಹತ್ತಿರ ಬಂದಿದೆ. ಬೀಟಾಮೆಥಸೋನ್‌ನಂಥ ಸ್ಟೆರಾಯ್ಡ್ ಮುಲಾಮನ್ನು ಕೆಲವು ವಾರ ಹಚ್ಚಿದರೆ ಹೆಚ್ಚಿನ ಹುಡುಗರಿಗೆ ಕತ್ತರಿ ಬೇಕಾಗುವುದಿಲ್ಲ. ಎಣ್ಣೆ ನೀರು ಹಾಕುವಾಗ ಕೂಸಿನ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆಳೆಯುವ ರೂಢಿ ಕೆಲವು ಮನೆಗಳಲ್ಲಿದೆ. ಅದರಿಂದ ಗಾಯವಾಗಿ, ಕಲೆಗಟ್ಟಿ, ನಿಜವಾದ ಬಿಗಿತ ಬರುವುದುಂಟು. ಎಳೆಯದಿರುವುದೇ ಆರೈಕೆ.

ಈ ದೇಶದಲ್ಲಿ ಸುನ್ನತಿ ಧರ್ಮದ ಗುರುತಾಗಿ ಪ್ರಾಣವನ್ನೂ ತೆಗೆದಿದೆ. 1947ರ ದೇಶವಿಭಜನೆಯ ಗಲಭೆಗಳಲ್ಲಿ ಗಂಡಸರ ಬಟ್ಟೆ ಬಿಚ್ಚಿಸಿ ನೋಡಿ ಕೊಂದದ್ದನ್ನು ಉರ್ದು ಕಥೆಗಾರ ಸಾದತ್ ಹಸನ್ ಮಂಟೋ ಕೆಲವೇ ಸಾಲುಗಳ ಕಥೆಯಾಗಿ ಬರೆದಿಟ್ಟರು. ಅಲ್ಪಸಂಖ್ಯಾತರ ಮೈಮೇಲಿನ ಗುರುತನ್ನು ಬಹುಸಂಖ್ಯಾತರು ಚರ್ಚೆಗೆ ಎತ್ತಿದರೆ ಅದು ಮಗುವಿನ ಮೇಲಿನ ಕಕ್ಕುಲಾತಿಯಿಂದಲೋ ಬೇರೆ ಉದ್ದೇಶದಿಂದಲೋ ಎಂಬ ಅನುಮಾನ ಏಳುವುದಕ್ಕೆ ಈ ಹಿನ್ನೆಲೆ ಸಾಕು. ಸಮುದಾಯದ ಒಳಗಿನಿಂದಲೇ ಪ್ರಶ್ನೆ ಎದ್ದಾಗ ಮಾತ್ರ ಅದಕ್ಕೆ ನಿಜವಾದ ಕಿವಿ ಸಿಕ್ಕೀತು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ವಿಷಯ ಇನ್ನೊಂದು ಬಾಗಿಲಿನಿಂದ ಎದುರಾಗುತ್ತದೆ. ಗಂಡುಮಗು ಹುಟ್ಟಿದ ಒಂದೆರಡು ದಿನದಲ್ಲಿ, ತಾಯಿಯ ಆಯಾಸ ಆರುವ ಮೊದಲೇ, ಸುನ್ನತಿ ಮಾಡಿಸುತ್ತೀರಾ ಎಂದು ಆಸ್ಪತ್ರೆಯವರು ಕೇಳುತ್ತಾರೆ. ಬಾಣಂತನಕ್ಕೆಂದು ಊರಿನಿಂದ ಹೋದ ಅಜ್ಜಿಗೆ ಪ್ರಶ್ನೆಯೇ ಅರ್ಥವಾಗದು. ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಅದರಿಂದ ಯಾವ ತೊಡಕೂ ಇಲ್ಲ ಎಂದು ಆ ದಂಪತಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಶಿಶುಗಳ ಸುನ್ನತಿಯನ್ನು ಕಾನೂನುಬಾಹಿರವೆಂದು ಘೋಷಿಸಬೇಕೆಂಬ ಅರ್ಜಿಯೊಂದು ಕೇರಳ ಹೈಕೋರ್ಟಿಗೆ ಬಂದಿತ್ತು. ಅರ್ಜಿ ಪತ್ರಿಕಾ ವರದಿಗಳನ್ನು ಆಧರಿಸಿದೆ, ಕಾನೂನು ಮಾಡುವುದು ನ್ಯಾಯಾಲಯದ ಕೆಲಸವಲ್ಲ ಎಂದು 2023ರ ಮಾರ್ಚಿನಲ್ಲಿ ಅದು ವಜಾ ಆಯಿತು. ಭಾರತದಲ್ಲಿ ಸುನ್ನತಿಗೆಂದೇ ಬರೆದ ಕಾನೂನಿಲ್ಲ. ನಿಷೇಧದ ಕಾನೂನು ಬೇಕಾಗಿಯೂ ಇಲ್ಲ. ಆದರೆ ಕತ್ತಿ ಹಿಡಿಯುವವನಿಗೆ ಯಾವ ತರಬೇತಿಯಿರಬೇಕು, ಅರಿವಳಿಕೆ ಯಾರು ಕೊಡಬೇಕು, ಮೊದಲು ಮಗುವನ್ನು ಪರೀಕ್ಷಿಸಿದವರು ಯಾರು, ರಕ್ತ ನಿಲ್ಲದಿದ್ದರೆ ಎಲ್ಲಿಗೆ ಓಡಬೇಕು ಎಂಬ ನಾಲ್ಕು ಮಾತುಗಳನ್ನು ಬರೆದಿಟ್ಟ ನಿಯಮವೂ ಇಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಶಸ್ತ್ರವೈದ್ಯರು ಸಿಗುವಂತಾದರೆ, ಈ ಸೇವೆ ಉಚಿತವಾಗಿ ದೊರೆತರೆ, ಬಡವರ ಮನೆಯ ಮಗು ಪಳಗದ ಕೈಗೆ ಹೋಗುವುದು ತಾನಾಗಿ ಕಡಿಮೆಯಾಗುತ್ತದೆ.